ಬಲ್ಲವನ ಮುಂದಿಟ್ಟ ಬಿನ್ನಹ

ಲೇಕ್ ಮಾರ್ಕೆಟ್ಟಿನ ಹಿಂದಿನ ಓಣಿಯೊಂದರಲ್ಲಿ, ಎರಡನೇ ಮಹಡಿಯ ದೇವರ ಗೂಡಿನೊಳಗೆ, ವೆಂಕಟರಮಣನ ಪಟದ ಕೆಳಗೆ ಬಟ್ಟೆಯ ಪುಟ್ಟ ಗಂಟೊಂದಿದೆ. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಬಟ್ಟೆ, ಒಳಗೆ ಒಂದು ರೂಪಾಯಿಯ ನಾಣ್ಯ. ಮುಡಿಪು. ಅದನ್ನು ಕಟ್ಟಿದವರು ಧಾರವಾಡದ ಕಡೆಯಿಂದ ಮದುವೆಯಾಗಿ ಬಂದು ಅರವತ್ತು ವರ್ಷ ಕೋಲ್ಕತ್ತದಲ್ಲೇ ಸಂಸಾರ ಮಾಡಿದ ಹಿರಿಯರು. ಇಲ್ಲಿಯ ನಾಲ್ಕಾರು ಕನ್ನಡದ ಮನೆಗಳಿಗೆಲ್ಲ ಅವರು ಕಾಕು. ಏನು ಹರಕೆ ಕಾಕು ಎಂದು ಒಮ್ಮೆ ಕೇಳಿದೆ. ಮಲ್ಲಿಗೆ ಕಟ್ಟುತ್ತ ಕೂತಿದ್ದರು. ಕೈಯ ದಾರ ಬಿಡದೆ, ತಲೆ ಎತ್ತದೆ, "ಅದು ಅವಂಗ ಗೊತ್ತದ. ನಿನಗ್ಯಾಕ ಬೇಕಪಾ?" ಎಂದರು.

ಆ ಮಾತಿನಲ್ಲಿ ಮುನಿಸಿರಲಿಲ್ಲ, ನನ್ನನ್ನು ಹೊರಗೆ ನಿಲ್ಲಿಸುವ ಉದ್ದೇಶವೂ ಇರಲಿಲ್ಲ. ಹೇಳಬೇಕಾದಲ್ಲಿ ಹೇಳಿ ಮುಗಿಸಿದವರ ನಿರಾಳ ಇತ್ತು. ನಲವತ್ತು ವರ್ಷ ನಾನು ಓದಿಕೊಂಡು ಬಂದ ವಿಷಯಕ್ಕೆ ಇದಕ್ಕಿಂತ ಚಿಕ್ಕ, ಇದಕ್ಕಿಂತ ಸರಿಯಾದ ವ್ಯಾಖ್ಯೆ ನನಗೆ ಯಾವ ಗ್ರಂಥದಲ್ಲೂ ಸಿಕ್ಕಿಲ್ಲ.

ಆ ವಿಷಯಕ್ಕೆ ಶಾಸ್ತ್ರದಲ್ಲಿ ಆತ್ಮನಿವೇದನೆ ಎಂದು ಹೆಸರು. ಭಾಗವತ ಎಣಿಸುವ ಒಂಬತ್ತು ಬಗೆಯ ಭಕ್ತಿಯಲ್ಲಿ ಅದು ಕೊನೆಯದು. ಕನ್ನಡದಲ್ಲಿ ನಾವು ಅದನ್ನು ಮೊರೆ ಎನ್ನುತ್ತೇವೆ, ಅರಿಕೆ ಎನ್ನುತ್ತೇವೆ, ಬಿನ್ನಹ ಎನ್ನುತ್ತೇವೆ. ಎಲ್ಲಕ್ಕಿಂತ ಒಳ್ಳೆಯ ಮಾತು 'ಒಪ್ಪಿಸುವುದು'. ಮಗು ಗುರುಗಳ ಮುಂದೆ ಪಾಠ ಒಪ್ಪಿಸುತ್ತದೆ. ಅವರಿಗೆ ಆ ಪಾಠ ಮೊದಲೇ ಗೊತ್ತು. ಊರಿಗೆ ಹೋಗುವವನು ಮನೆಯ ಬೀಗದಕೈಯನ್ನು ನೆರೆಮನೆಯವರಿಗೆ ಒಪ್ಪಿಸುತ್ತಾನೆ. ಅವರ ಮೇಲೆ ಅವನಿಗೆ ನಂಬಿಕೆಯಿದೆ. ತಪ್ಪು ಮಾಡಿದವನು ತಪ್ಪನ್ನು ಒಪ್ಪಿಕೊಳ್ಳುತ್ತಾನೆ. ಈ ಮೂರೂ ಅರ್ಥ ಒಂದೇ ಧಾತುವಿನಲ್ಲಿ ಕೂಡಿರುವ ಭಾಷೆಯಲ್ಲಿ, ಎಲ್ಲ ಬಲ್ಲ ದೇವರಿಗೆ ಮತ್ತೆ ಹೇಳುವುದೇಕೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಮಾತಿನಲ್ಲೇ ಅಡಗಿದೆ. ತಿಳಿಸುವುದಕ್ಕಾಗಿ ಯಾರೂ ದೇವರಿಗೆ ಹೇಳುವುದಿಲ್ಲ. ಒಪ್ಪಿಸುವುದಕ್ಕೆ ಹೇಳುತ್ತಾರೆ.

ವಚನ, ಕೀರ್ತನೆ, ಉಗಾಭೋಗ, ತತ್ವಪದ ಇವೆಲ್ಲದರ ಒಡಲಲ್ಲೂ ಈ ಒಪ್ಪಿಸುವಿಕೆ ಇದೆ. ಈ ಸಾಹಿತ್ಯದ ಸಂಗ್ರಹ, ಅಧ್ಯಯನ ಅಚ್ಚಿನ ರೂಪದಲ್ಲಿ ನೂರೆಪ್ಪತ್ತು ವರ್ಷಕ್ಕೂ ಮಿಕ್ಕಿ ನಡೆದಿದೆ. ಆದರೆ ಬಹುಮಟ್ಟಿಗೆ ಬೇರೆ ಏನನ್ನೋ ಹುಡುಕುತ್ತ ನಡೆದಿದೆ. ಇತ್ತೀಚೆಗೆ ಒಂದು ಸಭೆಯಲ್ಲಿ ವಿದ್ಯಾವಂತರೊಬ್ಬರು, ದಾಸರು ತಮ್ಮನ್ನೇ ಹಳಿದುಕೊಂಡ ಪದಗಳೆಲ್ಲ ಮನಸ್ಸಿನ ಒತ್ತಡ ಇಳಿಸಿಕೊಳ್ಳುವ ಉಪಾಯ, ಅಲ್ಲಿ ವಿಠಲ ಎಂದರೆ ನಮ್ಮದೇ ಮನಸ್ಸು ಎಂದು ವಿವರಿಸಿದರು. ಸಭೆ ಚಪ್ಪಾಳೆ ತಟ್ಟಿತು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಕೇಳುವವನನ್ನು ತೆಗೆದುಹಾಕಿದ ಮೇಲೆ ಮೊರೆಯಲ್ಲಿ ಉಳಿಯುವುದೇನು? ನಾವು, ಈ ಕ್ಷೇತ್ರದಲ್ಲಿ ದುಡಿದವರು, ಇಂಥ ಓದಿಗೆ ದಾರಿ ಮಾಡಿಕೊಟ್ಟೆವೇ ಎಂದು ಹಿಂದಿನಿಂದ ನೋಡಿಕೊಂಡು ಬರಬೇಕೆನಿಸಿತು.

ಮೊದಲ ಹಂತಗಳನ್ನು ಬೇಗ ದಾಟಬಹುದು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1850ರಲ್ಲಿ ಮಂಗಳೂರಿನಿಂದ 'ದಾಸರ ಪದಗಳು' ಪ್ರಕಟಿಸಿದರು. 1871ರಲ್ಲಿ ಚಾರ್ಲ್ಸ್ ಗೋವರ್ ದಕ್ಷಿಣ ಭಾರತದ ಜನಪದ ಗೀತೆಗಳನ್ನು ಕುರಿತ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಕನ್ನಡದ ಪದಗಳನ್ನು ಅನುವಾದಿಸಿದರು. ಇವರ ಕಿವಿ ಚುರುಕಾಗಿತ್ತು. ಪಾಪ, ಪಶ್ಚಾತ್ತಾಪ, ಶರಣಾಗತಿ ಇವರಿಗೆ ಕೂಡಲೇ ಕೇಳಿಸಿದವು, ಏಕೆಂದರೆ ಅವರ ಮನೆಯ ಪ್ರಾರ್ಥನೆಯಲ್ಲೂ ಅವು ಇದ್ದವು. ಕೇಳಿಸದೆ ಹೋದದ್ದು ಸಲುಗೆ. ದಾಸರು ದೇವರ ಕಾಲು ಹಿಡಿಯುವಷ್ಟೇ ಸಲೀಸಾಗಿ ದೇವರನ್ನು ಗದರಿಸುತ್ತಾರೆ, ಹಂಗಿಸುತ್ತಾರೆ, ಕೊಟ್ಟ ಸಾಲ ಕೇಳುವವರ ಹಾಗೆ ಬಾಗಿಲಲ್ಲಿ ಕೂರುತ್ತಾರೆ. ನಿಂದಾಸ್ತುತಿ ಎಂದು ಅದಕ್ಕೊಂದು ಹೆಸರೇ ಇದೆ. ಗುಟ್ಟು ಹೇಳಿಕೊಳ್ಳಲು ಬರಿಯ ಭಯ ಸಾಲದು, ಸಲುಗೆ ಬೇಕು ಎಂಬುದು ಇವರ ಓದಿನಲ್ಲಿ ಬರಲಿಲ್ಲ.

ಆಮೇಲಿನದು ಪಟ್ಟಿ ಮಾಡುವ, ಅಚ್ಚು ಹಾಕುವ ಕಾಲ. ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಮೊದಲ ಸಂಪುಟ 1907ರಲ್ಲಿ ಬಂತು. ಉಡುಪಿಯಲ್ಲಿ ಪಾವಂಜೆ ಗುರುರಾಯರು, ಬೆಂಗಳೂರಿನಲ್ಲಿ ಸುಬೋಧ ರಾಮರಾಯರು, ಲಿಂಗಸುಗೂರಿನಲ್ಲಿ ಗೋರಬಾಳ ಹನುಮಂತರಾಯರು ದಾಸರ ಪದಗಳನ್ನು ಬಡವರ ಕೈಗೆಟಕುವಂತೆ ಅಚ್ಚು ಹಾಕಿಸಿದರು. ಅವರು ವಿಮರ್ಶೆ ಬರೆಯಲಿಲ್ಲ. ಅವರಿಲ್ಲದಿದ್ದರೆ ವಿಮರ್ಶೆ ಬರೆಯಲು ನಮಗೇನೂ ಇರುತ್ತಿರಲಿಲ್ಲ.

ವಚನಗಳ ಕಡೆ ಈ ಕೆಲಸ ಮಾಡಿದ ಫ. ಗು. ಹಳಕಟ್ಟಿಯವರ ಬಳಿ ಸ್ವಲ್ಪ ನಿಲ್ಲಬೇಕು. ವಿಜಾಪುರದ ವಕೀಲರು. ಮಠಗಳಿಂದ, ಮನೆಗಳಿಂದ ತಾಳೆಗರಿ ಹುಡುಕಿ ತಂದು ಕೈಯಾರೆ ನಕಲು ಮಾಡಿದರು. 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಬಂತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರುವಾದವು. ಈ ಕೆಲಸಕ್ಕೆ ಇದ್ದ ಮನೆಯೂ ಹೋಯಿತು. ಹಳಕಟ್ಟಿಯವರು ಹುಟ್ಟಿದ್ದು 1880ರಲ್ಲಿ. ಅದೇ 1880ರಲ್ಲಿ ಕಾಶಿಯಲ್ಲಿ ಹುಟ್ಟಿದ ಬಂಗಾಳಿ ವಿದ್ವಾಂಸ ಕ್ಷಿತಿಮೋಹನ ಸೇನರು ಸಾಧುಗಳ ಬಾಯಿಂದ ಕೇಳಿ ಕಬೀರನ ಪದಗಳನ್ನು ಕೂಡಿಸಿದರು, ಬಾವುಲರ ಹಾಡು ಕೂಡಿಸಿದರು. ರವೀಂದ್ರನಾಥ ಠಾಕೂರರ ಶಾಂತಿನಿಕೇತನದಲ್ಲಿ ನೆಲೆ ನಿಂತರು. ಒಬ್ಬರದು ಗರಿಯ ದಾರಿ, ಇನ್ನೊಬ್ಬರದು ಗಂಟಲ ದಾರಿ. ಈ ವ್ಯತ್ಯಾಸದಿಂದ ಬಹಳ ಆಯಿತು ಎಂದು ನನಗೆ ಅನ್ನಿಸುತ್ತದೆ. ಬಂಗಾಳದಲ್ಲಿ ಸಂತರ ಹಾಡು ಹಾಡುವವನ ಜೊತೆಗೇ ಓದುಗನ ಎದುರಿಗೆ ಬಂತು. ನಮ್ಮಲ್ಲಿ ವಚನ ಶಾಸ್ತ್ರವಾಗಿ ಬಂತು. ಹಳಕಟ್ಟಿಯವರು ಇಟ್ಟ ಹೆಸರಲ್ಲೇ ಅದು ಇದೆ. ಷಟ್‌ಸ್ಥಲದ ಕ್ರಮದಲ್ಲಿ ಜೋಡಿಸಿದಾಗ ಒಬ್ಬ ಭಕ್ತನ ನಡುರಾತ್ರಿಯ ಮಾತು ಒಂದು ಸ್ಥಲದ ಉದಾಹರಣೆಯಾಗಿ ಕೂತಿತು. ಅವರನ್ನು ದೂರುವ ಹಕ್ಕು ನಮಗಾರಿಗೂ ಇಲ್ಲ. ಅವರು ಉಳಿಸಿಕೊಟ್ಟರು, ಬಿಡಿಸಿ ಓದುವ ಕೆಲಸ ನಮ್ಮದಾಗಿತ್ತು.

ಬಿಡಿಸಿ ಓದಿದವರು, ನನ್ನ ತಿಳುವಳಿಕೆಯಲ್ಲಿ, ಧಾರವಾಡ ಸೀಮೆಯವರು. ನಾನು ಕಲಿತದ್ದು ಅಲ್ಲೇ ಆದ್ದರಿಂದ ಪಕ್ಷಪಾತ ಇದ್ದೀತು, ಇರಲಿ. ಗುರುದೇವ ರಾ. ದ. ರಾನಡೆಯವರು 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದವರು, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸಿದವರು, ಕೊನೆಗೆ ವಿಜಾಪುರ ಜಿಲ್ಲೆಯ ನಿಂಬಾಳಕ್ಕೆ ಬಂದು ಧ್ಯಾನದಲ್ಲಿ ಕೂತವರು. 1933ರಲ್ಲಿ ಪ್ರಕಟವಾದ ಮಹಾರಾಷ್ಟ್ರದ ಅನುಭಾವಿಗಳ ಮೇಲಿನ ಗ್ರಂಥದಲ್ಲಿ ಅವರು ತುಕಾರಾಮನ ಅಭಂಗಗಳನ್ನು ಓದುವಾಗ, ಸ್ಪೇನಿನ ಸಂತ ಯೋಹಾನ 'ಆತ್ಮದ ಕಗ್ಗತ್ತಲ ರಾತ್ರಿ' ಎಂದದ್ದನ್ನು ನೆನೆದರು. ದೇವರು ಇದ್ದಾನೆ ಎಂದು ಗೊತ್ತು, ಆದರೆ ಉತ್ತರವಿಲ್ಲ. ಆ ಹೊತ್ತಿನಲ್ಲಿ ಮನುಷ್ಯ ತನ್ನೊಳಗಿನ ಕೊಳೆಯನ್ನೆಲ್ಲ ಎತ್ತಿ ತೋರಿಸುತ್ತಾನೆ. ಕನ್ನಡ ಸಂತರನ್ನು ಕುರಿತ ಅವರ ಉಪನ್ಯಾಸಗಳು ಅವರು ತೀರಿಕೊಂಡ ಮೇಲೆ, 1960ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾದವು. ಅಲ್ಲಿ ಬಸವಣ್ಣ, ಪುರಂದರದಾಸ, ಕನಕದಾಸ, ಜಗನ್ನಾಥದಾಸ ಎಲ್ಲರೂ ಒಂದೇ ಜಗಲಿಯ ಮೇಲೆ ಕೂತಿದ್ದಾರೆ. ವೀರಶೈವ, ವೈಷ್ಣವ ಎಂಬ ಕೋಣೆ ಬೇರೆ ಮಾಡಲಿಲ್ಲ ಎಂಬುದೊಂದೇ ಸಾಕಿತ್ತು ಆ ಪುಸ್ತಕವನ್ನು ದೊಡ್ಡದು ಮಾಡಲು. ಅದಕ್ಕಿಂತ ದೊಡ್ಡದು ಅವರು ಕೇಳಿದ ಪ್ರಶ್ನೆ. ಈ ಮಾತು ಆಡಿದವನಿಗೆ ಆ ಹೊತ್ತಿನಲ್ಲಿ ಏನಾಗುತ್ತಿತ್ತು, ಅವನು ದೇವರ ಕಡೆಗೆ ಎಷ್ಟು ದೂರ ಬಂದಿದ್ದ?

ಈ ಪ್ರಶ್ನೆ ಕೈಯಲ್ಲಿ ಹಿಡಿದು ಬಸವಣ್ಣನವರ ವಚನಗಳಿಗೆ ಹೋದರೆ ಕಾಣುವುದೇ ಬೇರೆ. ಬಿಜ್ಜಳನ ಭಂಡಾರಿ, ನೂರಾರು ಜನರ ಗುರು, ಕಲ್ಯಾಣವೆಲ್ಲ ಕೈಮುಗಿಯುವ ಮನುಷ್ಯ. ಅವನು ತನ್ನ ಭಕ್ತಿ ತೋರಿಕೆಯದು, ತನ್ನ ಮನಸ್ಸು ಒಂದೆಡೆ ನಿಲ್ಲದ್ದು, ಹೊಗಳಿಕೆ ತನ್ನನ್ನು ಕೊಲ್ಲುತ್ತಿದೆ ಎಂದು ಕೂಡಲಸಂಗಮನಿಗೆ ಹೇಳುತ್ತಾನೆ. ಕೆಲವರು ಇದನ್ನು ಸಾಕ್ಷಿಯಾಗಿ ಹಿಡಿದು ಬಸವಣ್ಣನ ದೋಷಗಳ ಪಟ್ಟಿ ಮಾಡಿದರು. ಇನ್ನು ಕೆಲವರು ಇದು ದೊಡ್ಡವರ ವಿನಯ ಎಂದು ಹೇಳಿ ಪುಟ ತಿರುಗಿಸಿದರು. ಎರಡೂ ಕಡೆಯವರು ಆ ಮಾತನ್ನು ತಮಗೆ ಹೇಳಿದ್ದೆಂದು ತಿಳಿದರು. ಅದು ನಮಗೆ ಹೇಳಿದ್ದಲ್ಲ. ಕೊನೆಯ ಸಾಲಿನಲ್ಲಿ ಯಾರಿಗೆ ಹೇಳಿದ್ದೆಂದು ಸ್ಪಷ್ಟವಾಗಿ ಬರೆದಿದೆ.

ಅಂಕಿತದ ಬಗ್ಗೆ ನಮ್ಮ ತರಗತಿಗಳಲ್ಲಿ ಹೇಳಿಕೊಡುವುದು, ಅದು ಕವಿಯ ಮುದ್ರೆ, ಕರ್ತೃವನ್ನು ಗುರುತಿಸುವ ಸಾಧನ ಎಂದು. ಅದು ನಿಜ, ಉಪಯುಕ್ತ. ಆದರೆ ಬಸವಣ್ಣನ ಅಂಕಿತದಲ್ಲಿ ಬಸವಣ್ಣನ ಹೆಸರಿಲ್ಲ. ಅಕ್ಕನ ಅಂಕಿತ ಚೆನ್ನಮಲ್ಲಿಕಾರ್ಜುನ, ಕನಕದಾಸರದು ಕಾಗಿನೆಲೆಯ ಆದಿಕೇಶವ, ವಿಜಯದಾಸರದು ವಿಜಯವಿಠಲ. ಪತ್ರದ ಕೆಳಗೆ ಸಹಿ ಇರಬೇಕಾದ ಜಾಗದಲ್ಲಿ ಇವರೆಲ್ಲ ವಿಳಾಸ ಬರೆದಿದ್ದಾರೆ. ಇದನ್ನು ನನಗೆ ತೋರಿಸಿಕೊಟ್ಟವರು ಯಾವ ಪ್ರಾಧ್ಯಾಪಕರೂ ಅಲ್ಲ. ಧಾರವಾಡದ ಭಜನೆ ಮನೆಯೊಂದರಲ್ಲಿ ತಾಳ ಹಾಕುತ್ತಿದ್ದ ಒಬ್ಬ ಮುದುಕರು. ಅಂಕಿತ ಬಂದ ಕೂಡಲೇ ಅವರ ಕಣ್ಣು ಪಟದ ಕಡೆಗೆ ಹೋಗುತ್ತಿತ್ತು, ಪದ ಮುಗಿಯುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ.

ನಮ್ಮ ತಲೆಮಾರು ಓದು ಶುರು ಮಾಡಿದ್ದು ಎಪ್ಪತ್ತರ ದಶಕದಲ್ಲಿ. ಅದರ ಹಿಂದಿನ ದಶಕ ಪುರಂದರದಾಸರು ತೀರಿಕೊಂಡು ನಾಲ್ಕು ನೂರು ವರ್ಷ ತುಂಬಿದ ಕಾಲ. ಬೆಟಗೇರಿ ಕೃಷ್ಣಶರ್ಮರು ಮತ್ತು ಹುಚ್ಚೂರಾವ್ ಬೆಂಗೇರಿಯವರು ಸಂಪಾದಿಸಿದ ಪುರಂದರ ಸಾಹಿತ್ಯದ ಸಂಪುಟಗಳು ನಮ್ಮ ಕೈಯಲ್ಲಿದ್ದವು. ಎಲ್. ಬಸವರಾಜು ಅವರ 'ಅಲ್ಲಮನ ವಚನಚಂದ್ರಿಕೆ' ಇತ್ತು. ಜಿ. ವರದರಾಜರಾಯರ ಹರಿದಾಸ ಅಧ್ಯಯನಗಳಿದ್ದವು. ಎ. ಕೆ. ರಾಮಾನುಜನ್ನರ ವಚನಾನುವಾದ 1973ರಲ್ಲಿ ಪೆಂಗ್ವಿನ್ನಿನಿಂದ ಬಂದಾಗ ಹಾಸ್ಟೆಲಿನಲ್ಲಿ ಒಂದೇ ಪ್ರತಿ ಕೈಯಿಂದ ಕೈಗೆ ತಿರುಗಿತು. ಅದರಿಂದ ವಚನ ಜಗತ್ತಿಗೆ ಗೊತ್ತಾಯಿತು, ನಮಗೂ ಹೊಸದಾಗಿ ಗೊತ್ತಾಯಿತು. ಆದರೂ ಅಲ್ಲಿಯ ಭಕ್ತ ಒಬ್ಬಂಟಿ ಆಧುನಿಕ ಕವಿಯ ಹಾಗೆ ಕೇಳಿಸುತ್ತಾನೆ. ಅವನ ಎದುರಿಗಿರುವವನು ಮಂಕಾಗುತ್ತಾನೆ.

ಸಂಗೀತ ಆ ಕೊರತೆ ತುಂಬಿತು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯಿಂದ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳನ್ನು, ಬಸವರಾಜ ರಾಜಗುರುಗಳು ಹಾಡಿದ್ದನ್ನು, ಭೀಮಸೇನ ಜೋಶಿಯವರ ದಾಸವಾಣಿಯನ್ನು ಕೇಳಿ ಬೆಳೆದವರು ನಾವು. ಮನ್ಸೂರರು ವಚನ ಹಾಡುವಾಗ ಸಭೆಯ ಕಡೆ ನೋಡುತ್ತಿರಲಿಲ್ಲ. ಒಂದು ಪದವನ್ನು ನಾಲ್ಕು ಸಲ, ಐದು ಸಲ ಬೇರೆ ಬೇರೆ ಸ್ವರದಲ್ಲಿ ಹೇಳುತ್ತಿದ್ದರು, ಇನ್ನೂ ಸರಿಯಾಗಿ ಹೇಳಲಾಗಲಿಲ್ಲ ಎನ್ನುವ ಹಾಗೆ. ಬಿನ್ನಹ ಎಂದರೇನು ಎಂದು ನನಗೆ ಅಲ್ಲಿ ತಿಳಿಯಿತು. ಒಮ್ಮೆ ಹೇಳಿದರೆ ವಿಷಯ ತಿಳಿಯುತ್ತದೆ, ಭಾರ ಇಳಿಯುವುದಿಲ್ಲ.

ಉಗಾಭೋಗವನ್ನು ಕುರಿತು ಬರೆದದ್ದು ಏಕೆ ಇಷ್ಟು ಕಡಿಮೆ ಎಂದು ಅಂದಿನಿಂದ ಯೋಚಿಸುತ್ತೇನೆ. ಕೀರ್ತನೆಗೆ ಪಲ್ಲವಿ ಇದೆ, ತಾಳ ಇದೆ, ನಾಲ್ಕು ಜನ ಸೇರಿ ಹಾಡಬಹುದು. ಸುಳಾದಿಗೆ ತಾಳಗಳ ಮಾಲೆಯೇ ಇದೆ. ಉಗಾಭೋಗಕ್ಕೆ ತಾಳವಿಲ್ಲ, ಪಲ್ಲವಿ ಇಲ್ಲ, ಕೆಲವೇ ಸಾಲು. ಒಬ್ಬರೇ ಹಾಡಬೇಕು, ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಲ್ಲಬೇಕು. ಶ್ರೀಪಾದರಾಜರಿಂದ ಜಗನ್ನಾಥದಾಸರವರೆಗೆ ಅತಿ ಖಾಸಗಿಯಾದ ಮಾತು ಈ ರೂಪಕ್ಕೆ ಬಂದು ಸೇರಿತೆಂಬುದು ಆಕಸ್ಮಿಕವಲ್ಲ. ಛಂದಸ್ಸಿನ ಪುಸ್ತಕಗಳು ಇದಕ್ಕೆ ಒಂದು ಪ್ಯಾರಾ ಕೊಡುತ್ತವೆ.

ಆ ದಿನಗಳಲ್ಲೇ ಇನ್ನೊಂದು ಓದು ಬಲವಾಗಿ ಬಂತು. ವಚನಕಾರರು ಜಾತಿಯ ವಿರುದ್ಧ ನಿಂತವರು, ಕಾಯಕದ ಜನ, ಹೆಣ್ಣುಮಕ್ಕಳು, ಅಂಬಿಗ, ಮಾದಾರ, ಮಡಿವಾಳ. ಇದು ಸತ್ಯ, ಇದನ್ನು ಹೇಳಬೇಕಾಗಿತ್ತು. ಹೇಳಿದವರು ಬೆಲೆ ತೆತ್ತಿದ್ದಾರೆ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಬಂದ 'ಸಮಗ್ರ ವಚನ ಸಂಪುಟ'ದ 15 ಸಂಪುಟಗಳು ಇಲ್ಲದೆ ಇಂದು ಯಾರೂ ವಚನದ ಬಗ್ಗೆ ಒಂದು ಪುಟ ಬರೆಯಲಾರರು. ಗಿರೀಶ ಕಾರ್ನಾಡರ 'ತಲೆದಂಡ' ಕಲ್ಯಾಣವನ್ನು ನಮ್ಮ ಕಾಲದ ಬೀದಿಗೆ ತಂದು ನಿಲ್ಲಿಸಿತು. ಆದರೆ ಸಮಾಜದ ಕನ್ನಡಿಯಾಗಿ ಮಾತ್ರ ಓದುತ್ತ ಹೋದಂತೆ, ಸಾಮಾಜಿಕ ಅರ್ಥ ಹೊರಡಿಸಲಾಗದ ವಚನಗಳು ಪಠ್ಯಪುಸ್ತಕದಿಂದ ಮೆಲ್ಲಗೆ ಜಾರಿದವು. ಜಾರಿದವುಗಳಲ್ಲಿ ಹೆಚ್ಚಿನವು ಮೊರೆಗಳೇ. ಸಮಾನತೆಗೂ ಮೊರೆಗೂ ಇರುವ ನಂಟನ್ನು ನಾವು ಕಾಣದೆ ಹೋದೆವು ಎನ್ನುವುದು ನನ್ನ ದೊಡ್ಡ ಕೊರಗು. ಒಳಗಿನ ಮಾತನ್ನು ನಡುವೆ ಯಾರೂ ಇಲ್ಲದೆ ದೇವರ ಕಿವಿಗೆ ಹಾಕಬಹುದು ಎಂದು ಒಬ್ಬ ಮಡಿವಾಳನಿಗೆ ಗಟ್ಟಿಯಾದ ಕ್ಷಣದಲ್ಲೇ ಪುರೋಹಿತನ ಅಧಿಕಾರ ಮುಗಿಯಿತು. ಕ್ರಾಂತಿ ಅಲ್ಲಿಂದ ಶುರು. ಡಿ. ಆರ್. ನಾಗರಾಜರು ಇದರ ಸಮೀಪ ಬಂದಿದ್ದರು. ಅವರ 'ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ' ಅವರು ಹೋದ ಮೇಲೆ, 1999ರಲ್ಲಿ ಪ್ರಕಟವಾಯಿತು. ಇನ್ನೊಂದು ಹತ್ತು ವರ್ಷ ಇದ್ದಿದ್ದರೆ ಎಂದು ಇವತ್ತಿಗೂ ಮರುಗುತ್ತೇನೆ.

ದಾಸ ಸಾಹಿತ್ಯದ ಕಡೆ ತಪ್ಪು ಬೇರೆ ಬಗೆಯದು. ಕನಕದಾಸರ ಬಾಳೆಹಣ್ಣಿನ ಕಥೆ ಎಲ್ಲರಿಗೂ ಗೊತ್ತು. ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಹಣ್ಣು ಕೊಟ್ಟು, ಯಾರೂ ಕಾಣದ ಕಡೆ ತಿಂದು ಬನ್ನಿ ಎಂದರು. ಎಲ್ಲರೂ ತಿಂದು ಬಂದರು. ಕನಕ ಹಣ್ಣನ್ನು ಹಾಗೇ ಹಿಡಿದು ಬಂದ, ದೇವರು ಕಾಣದ ಜಾಗ ಸಿಗಲಿಲ್ಲ ಎಂದ. ಶಾಲೆಯಲ್ಲಿ ಇದನ್ನು ಹೇಳುವುದು ಮಕ್ಕಳಿಗೆ ಅಂಜಿಕೆ ಹುಟ್ಟಿಸಲು: ಕದ್ದು ತಪ್ಪು ಮಾಡಬೇಡಿ, ಮೇಲೊಬ್ಬ ನೋಡುತ್ತಿದ್ದಾನೆ. ಕಥೆಯೊಳಗಿನ ಕನಕನಿಗೆ ಅಂಜಿಕೆ ಎಲ್ಲಿದೆ? ಉಳಿದ ಶಿಷ್ಯರು ಅವನನ್ನು ಕೀಳಾಗಿ ಕಂಡವರು, ಮಠದಲ್ಲಿ ಅವನ ಜಾಗ ಯಾವುದೆಂದು ದಿನವೂ ತೋರಿಸುತ್ತಿದ್ದವರು. ಯಾವ ಮೂಲೆಗೆ ಹೋದರೂ ತಾನು ಒಬ್ಬನೇ ಅಲ್ಲ ಎಂಬುದು ಅವನಿಗೆ ಆ ದಿನ ಗೊತ್ತಾಯಿತು. ನೋಡುತ್ತಿರುವ ಕಣ್ಣು ಪೊಲೀಸನದೋ ತಾಯಿಯದೋ ಎನ್ನುವುದರ ಮೇಲೆ ಇಡೀ ದಾಸ ಸಾಹಿತ್ಯದ ಅರ್ಥ ನಿಂತಿದೆ. ನಾವು ಬಹಳ ಕಾಲ ಪೊಲೀಸನ ಕಣ್ಣನ್ನೇ ಕಲಿಸಿದೆವು. ಅದಕ್ಕೇ ಇಂದಿನವರು ಆ ಕಣ್ಣನ್ನೇ ಕಿತ್ತುಹಾಕಲು ಹೊರಟಿದ್ದಾರೆ.

ಜಗನ್ನಾಥದಾಸರ 'ಹರಿಕಥಾಮೃತಸಾರ' ಈ ಪ್ರಶ್ನೆಯನ್ನು ಶಾಸ್ತ್ರದ ಮಟ್ಟಕ್ಕೆ ಒಯ್ಯುತ್ತದೆ. ಮಾಧ್ವರ ಬಿಂಬೋಪಾಸನೆಯಲ್ಲಿ ಜೀವ ಪ್ರತಿಬಿಂಬ, ಅವನೊಳಗೇ ನಿಂತ ಹರಿ ಬಿಂಬ. ಯೋಚನೆ ಹುಟ್ಟುವ ಮೊದಲೇ ಅವನು ಅಲ್ಲಿದ್ದಾನೆ. ಆದ್ದರಿಂದ ಮನದ ಗುಟ್ಟನ್ನು ಅವನಿಗೆ ಹೇಳುವುದೆಂದರೆ ದೂರದ ಯಾರಿಗೋ ಸುದ್ದಿ ಮುಟ್ಟಿಸುವುದಲ್ಲ, ಒಳಗಿದ್ದವನ ಕಡೆ ಮುಖ ತಿರುಗಿಸುವುದು. ಭಾಮಿನಿ ಷಟ್ಪದಿಯಲ್ಲಿರುವ ಈ ಕೃತಿಯನ್ನು ಪಾರಾಯಣ ಮಾಡುವ ಮನೆಗಳು ಎಷ್ಟೋ ಇವೆ. ಕಾವ್ಯವೆಂದು ವಿವರವಾಗಿ ಓದಿದ ವಿಮರ್ಶಕರು ಕೈಬೆರಳಿನಷ್ಟು.

ಆ ಸಭೆಯಲ್ಲಿ ಮನಶ್ಶಾಸ್ತ್ರದ ಮಾತು ಬಂತಲ್ಲ, ಅದಕ್ಕೂ ಒಂದು ಹಳೆಯ ಚರಿತ್ರೆ ಇದೆ, ಅದು ಇದೇ ಊರಿನದು. 1922ರಲ್ಲಿ ಕಲ್ಕತ್ತದ ಡಾ. ಗಿರೀಂದ್ರಶೇಖರ ಬೋಸರು ಭಾರತೀಯ ಮನೋವಿಶ್ಲೇಷಣ ಸಂಘ ಕಟ್ಟಿದರು. ಫ್ರಾಯ್ಡ್‌ಗೆ ಪತ್ರ ಬರೆದು, ನಮ್ಮ ರೋಗಿಗಳು ನಿಮ್ಮವರ ಹಾಗಿಲ್ಲ ಎಂದು ವಾದಿಸಿದ ಮನುಷ್ಯ. ಅದರ ಮರುವರ್ಷವೇ ವಿಜಾಪುರದಿಂದ 'ವಚನಶಾಸ್ತ್ರಸಾರ' ಬಂದದ್ದು. ಮನುಷ್ಯನ ಒಳಗುಟ್ಟನ್ನು ಕೇಳುವ ಎರಡು ವಿದ್ಯೆಗಳು ಒಂದೇ ಹೊತ್ತಿಗೆ, ಒಂದಕ್ಕೊಂದು ಗೊತ್ತಿಲ್ಲದೆ, ಈ ದೇಶದಲ್ಲಿ ಅಚ್ಚಿನ ಬೆಳಕು ಕಂಡವು. ಕನ್ನಡದಲ್ಲಿ ಡಾ. ಎಂ. ಶಿವರಾಂ ಅವರ 'ಮನಮಂಥನ' 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಮನಶ್ಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಸಾ. ಕೃ. ರಾಮಚಂದ್ರರಾಯರೇ ಮುಂದೆ 'ಪುರಂದರ ಸಾಹಿತ್ಯ ದರ್ಶನ' ಬರೆದರು. ನನಗೆ ಇವರ ಮೇಲೆ ವಿಶೇಷ ಗೌರವ. ಎರಡೂ ವಿದ್ಯೆ ಬಲ್ಲವರು, ಆದರೂ ವಿಠಲನನ್ನು ಮನಸ್ಸಿನ ಒಂದು ವ್ಯಾಪಾರವಾಗಿ ಕರಗಿಸಲಿಲ್ಲ. ಮನೋವೈದ್ಯರ ಹತ್ತಿರ ಹೋಗಬೇಕಾದವರು ಹೋಗಲೇಬೇಕು, ಅದರಲ್ಲಿ ನಾಚಿಕೆ ಇಲ್ಲ. ಕೆಥೋಲಿಕರು ಪಾಪನಿವೇದನೆಗೆ ಗುರುಗಳ ಬಳಿ ಹೋಗುತ್ತಾರೆ. ಅಲ್ಲಿಯೂ ಕೇಳುವ ಒಂದು ಕಿವಿ ಇದೆ, ಗುಟ್ಟು ಕಾಯುವ ಕಟ್ಟುನಿಟ್ಟು ಇದೆ. ಇವು ಒಂದರ ಬದಲಿಗೆ ಒಂದು ಬರುವ ವಸ್ತುಗಳಲ್ಲ. ದಾಸರು ಇಟ್ಟುಕೊಂಡ ನಂಟು ಏನೆಂದು ಅದರದೇ ಮಾತಿನಲ್ಲಿ ಮೊದಲು ತಿಳಿಯೋಣ ಎಂದಷ್ಟೇ ನನ್ನ ಬೇಡಿಕೆ.

ಲೇಕ್ ಮಾರ್ಕೆಟ್ಟಿನಲ್ಲಿ ಕೂತು ಈ ಓದು ನಡೆಸಿದವನಿಗೆ ಇನ್ನೊಂದು ಕೊರತೆ ಕಣ್ಣಿಗೆ ಚುಚ್ಚುತ್ತದೆ. ಇಲ್ಲಿ ನುಗ್ಗೆಕಾಯಿ, ಕರಿಬೇವು, ಬಾಳೆ ಎಲೆ, ಫಿಲ್ಟರ್ ಕಾಫಿಪುಡಿ ಎಲ್ಲ ಸಿಗುತ್ತವೆ. ದಕ್ಷಿಣದವರು ಹಲವು ತಲೆಮಾರಿನಿಂದ ಇದ್ದಾರೆ. ಕಾಲ್ನಡಿಗೆಯಲ್ಲಿ ಹೋದರೆ ಕಾಳೀಘಾಟ್. ಅಲ್ಲಿಯ ಅಂಗಡಿಗಳಲ್ಲಿ ಕೇಳುವ ಶ್ಯಾಮಾಸಂಗೀತದ ಬಹುಪಾಲು ರಾಮಪ್ರಸಾದ ಸೇನನದು. ಹದಿನೆಂಟನೇ ಶತಮಾನದ ಹಾಲಿಶಹರದವನು. ಕಲ್ಕತ್ತದ ಶ್ರೀಮಂತರೊಬ್ಬರ ಮನೆಯಲ್ಲಿ ಲೆಕ್ಕ ಬರೆಯುತ್ತಿದ್ದಾಗ ಖಾತೆಯ ಪುಸ್ತಕದ ತುಂಬ ತಾಯಿ ಕಾಳಿಗೆ ಹಾಡು ಬರೆದಿಟ್ಟನೆಂದು ಕಥೆ. ಯಜಮಾನ ನೋಡಲೇಬೇಕಾದ ಪುಸ್ತಕದಲ್ಲಿ ಯಜಮಾನನಿಗಲ್ಲದ ಮಾತು! ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಬದುಕಿದ್ದ ಶತಮಾನವೇ ಅದು. ರಾಮಪ್ರಸಾದ ತಾಯಿಯ ಮೇಲೆ ಸಿಟ್ಟಾಗುವ ರೀತಿಯನ್ನು ನಮ್ಮ ನಿಂದಾಸ್ತುತಿಯ ಪಕ್ಕದಲ್ಲಿಟ್ಟು ಓದುವುದು ಒಂದು ಪಿಎಚ್.ಡಿ.ಗೆ ಸಾಕು. ಬೇರುಗಳೂ ದೂರವಿಲ್ಲ. ಬಸವಣ್ಣನವರ ಕಾಲದಲ್ಲಿ ಬಂಗಾಳ ಆಳುತ್ತಿದ್ದ ಸೇನರು ತಮ್ಮನ್ನು ಕರ್ಣಾಟದ ಕ್ಷತ್ರಿಯರೆಂದು ಶಾಸನದಲ್ಲಿ ಹೇಳಿಕೊಂಡವರು. ಪುರಂದರದಾಸರ ಸಮಕಾಲೀನ ಚೈತನ್ಯ ದೇವರು ಉಡುಪಿಗೆ ಬಂದಿದ್ದರೆಂದು 'ಚೈತನ್ಯ ಚರಿತಾಮೃತ' ಹೇಳುತ್ತದೆ. ಅವರ ಶಿಷ್ಯ ರೂಪ ಗೋಸ್ವಾಮಿ 1541ರಲ್ಲಿ 'ಭಕ್ತಿರಸಾಮೃತಸಿಂಧು' ಮುಗಿಸಿ ಆತ್ಮನಿವೇದನೆಗೂ ಅದರೊಳಗೊಂದು ಜಾಗ ಕೊಟ್ಟರು. ರೂಪರ ಸೋದರನ ಮಗ ಜೀವ ಗೋಸ್ವಾಮಿ ಬರೆದ ವಂಶಾವಳಿಯ ಪ್ರಕಾರ ಅವರ ಹಿರಿಯರು ಕರ್ಣಾಟದವರು. ಮತ್ತೆ ನಮ್ಮ ಕಾಲದಲ್ಲಿ, 1929ರಲ್ಲಿ, ಕುವೆಂಪು ಬೇಲೂರು ಮಠಕ್ಕೆ ಬಂದು ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದರು. ಮಹೇಂದ್ರನಾಥ ಗುಪ್ತರ 'ಕಥಾಮೃತ' ಕನ್ನಡಕ್ಕೆ ಬಂದಾಗ 'ಶ್ರೀರಾಮಕೃಷ್ಣ ವಚನವೇದ' ಎಂಬ ಹೆಸರು ಪಡೆಯಿತು. ಬಂಗಾಳದ ಮಾತಿಗೆ ವಚನವೆಂದೇ ಹೆಸರಿಟ್ಟ ಆ ಕೈಗೆ ಈ ನಂಟು ಚೆನ್ನಾಗಿ ಗೊತ್ತಿತ್ತು.

ಕೊನೆಯ ಕೊರತೆ ಎಲ್ಲಕ್ಕಿಂತ ಹತ್ತಿರದ್ದು. ಹೆಳವನಕಟ್ಟೆ ಗಿರಿಯಮ್ಮ, ಹರಪನಹಳ್ಳಿ ಭೀಮವ್ವ ಇವರ ಹೆಸರು ಚರಿತ್ರೆಯಲ್ಲಿ ಇದೆ, ಪದಗಳು ಅಚ್ಚಾಗಿವೆ. ಕನಕದಾಸ ಅಧ್ಯಯನ ಕೇಂದ್ರ ನಾಡಿನ ಮೂಲೆಮೂಲೆಯ ತತ್ವಪದಗಳನ್ನು ಸಂಪುಟಗಳಾಗಿ ತಂದಿದೆ, ದೊಡ್ಡ ಕೆಲಸ. ಇದರಾಚೆಗೆ ಹೆಣ್ಣುಮಕ್ಕಳ ಹಾಡಿನ ಪುಸ್ತಕಗಳಿವೆ. ಅಂಗಡಿಯಲ್ಲಿ ಕೊಂಡ ನೋಟುಬುಕ್ಕು, ಹಾಲಿನ ಲೆಕ್ಕದ ಪುಸ್ತಕ, ಮಕ್ಕಳು ಅರ್ಧ ಬರೆದು ಬಿಟ್ಟ ಪಟ್ಟಿ. ಮದುವೆಯಾಗಿ ಹೋಗುವ ಮಗಳಿಗೆ ತಾಯಿ ಬರೆದುಕೊಟ್ಟದ್ದು, ಅದರಿಂದ ಅವಳ ಸೊಸೆ ನಕಲು ಮಾಡಿದ್ದು. ಆರತಿ ಹಾಡು, ಹಸೆ ಹಾಡು, ದಾಸರ ಪದಗಳ ನಡುವೆ ಎಲ್ಲೋ ಒಂದೆರಡು ಹಾಡು ಯಾವ ಅಚ್ಚಾದ ಸಂಪುಟದಲ್ಲೂ ಸಿಗುವುದಿಲ್ಲ. ಮೈಸೂರು, ಧಾರವಾಡಗಳಲ್ಲೇ ಇವು ರದ್ದಿಗೆ ಹೋಗುತ್ತಿರುವಾಗ ಕೋಲ್ಕತ್ತ, ಮುಂಬಯಿ, ಪುಣೆಯ ಮನೆಗಳಲ್ಲಿ ಉಳಿಯುವುದು ಹೇಗೆ? ಓದಬಲ್ಲ ಮೊಮ್ಮಕ್ಕಳೇ ಇಲ್ಲಿಲ್ಲ. ಕಾಕು ಅವರ ಮೊಮ್ಮಗಳು ಬಂಗಾಳಿಯಲ್ಲಿ ಕನಸು ಕಾಣುವ ಹುಡುಗಿ. ಅಜ್ಜಿಯ ಪುಸ್ತಕದ ಅಕ್ಷರ ಅವಳಿಗೆ ಚಿತ್ರದ ಹಾಗೆ.

ಕಾಕು ಅವರ ಪುಸ್ತಕ ಮೂರಿವೆ. ಈ ಮಳೆಗಾಲದಲ್ಲಿ ಅವನ್ನು ನಕಲು ಮಾಡುತ್ತಿದ್ದೇನೆ. ಅವರು ಹಾಡುತ್ತಾರೆ, ನಾನು ಪುಸ್ತಕ ನೋಡಿ ಬರೆದುಕೊಳ್ಳುತ್ತೇನೆ, ವ್ಯತ್ಯಾಸ ಬಂದಲ್ಲಿ ಗುರುತು ಹಾಕುತ್ತೇನೆ. ನಮ್ಮ ಪದ್ಧತಿಯ ಪ್ರಕಾರ ಪ್ರತಿ ಹಾಡಿಗೂ ಕಾಲಂಗಳಿವೆ: ಮೊದಲ ಸಾಲು, ರಾಗ, ಅಂಕಿತ, ಯಾರಿಂದ ಬಂತು. ಎರಡನೇ ಪುಸ್ತಕದ ನಡುವೆ ಒಂದು ಹಾಡು ಬಂತು. ಅವರ ತಾಯಿ ಕಟ್ಟಿದ್ದು, ಯಾವುದೋ ಒಂದು ವರ್ಷ, ಏನೋ ಒಂದು ಆದಮೇಲೆ. ಅದೇನೆಂದು ಕಾಕು ಅವರಿಗೂ ತಿಳಿಯದು, ತಾಯಿ ಹೇಳಲಿಲ್ಲ. ನಾಲ್ಕು ನುಡಿ. ನಾಲ್ಕನೆಯ ನುಡಿಯ ಕೊನೆಯಲ್ಲಿ, ಅಂಕಿತ ಬರಬೇಕಾದ ಕಡೆ, ಪುಸ್ತಕದಲ್ಲಿ ಖಾಲಿ ಜಾಗ. ಕಾಕು ಕೂಡ ಅಲ್ಲಿ ಹಾಡು ನಿಲ್ಲಿಸಿ, ಒಂದು ಉಸಿರು ಸುಮ್ಮನಿದ್ದು, ಮುಂದಿನ ಹಾಡಿಗೆ ಹೋದರು. ಹೆಸರು ಬಿಟ್ಟುಹೋಗಿದೆಯೇ, ಮರೆತಿರಾ ಎಂದು ಕೇಳಿದೆ.

"ಬಿಟ್ಟಿಲ್ಲೋ. ನಮ್ಮವ್ವ ಅಲ್ಲೆ ಹೆಸರು ಹಚ್ಚಿದ್ದೇ ಇಲ್ಲ. ಯಾರಿಗೆ ಹೇಳಿದ್ದು ಅನ್ನೂದು ಅವಂಗ ಗೊತ್ತಿತ್ತಲ್ಲ."

ನನ್ನ ನಕಲಿನಲ್ಲಿ ಅಂಕಿತದ ಕಾಲಂ ಹಾಗೇ ಬಿಟ್ಟಿದ್ದೇನೆ.